ಪೊಟರೆ ಮರದ ಬೆಲೆ: ಡ್ರೈಯಾಂಡ್ರ ಕಾಡಿನ ಪಾಠ

ನಮ್ಮ ಸಂಘದ ಸದಸ್ಯರ ಪೈಕಿ ತೋಟದಲ್ಲಿ ಒಂದೆರಡಾದರೂ ಪೊಟರೆ ಬಿದ್ದ ಹಳೆಯ ಮರ ಇಲ್ಲದವರು ವಿರಳ. ಮರಗಸಿ ಮಾಡಿಸುವ ಕಾಲದಲ್ಲಿ ಇಂಥ ಮರದ ಬುಡಕ್ಕೆ ಬಂದು ನಿಂತಾಗ ನಾವು ಸಾಮಾನ್ಯವಾಗಿ ಆಡುವ ಮಾತು ಒಂದೇ: ‘ಒಳಗೆಲ್ಲ ಟೊಳ್ಳು, ಗೆದ್ದಲು ಹಿಡಿದಿದೆ, ನಾಟಕ್ಕೆ ಬಾರದು. ಕಡಿಸಿದರೆ ಅಡಿಕೆ ಬೇಯಿಸುವ ಒಲೆಗಾದರೂ ಆದೀತು. ಆ ಜಾಗಕ್ಕೆ ಒಂದು ಸಿಲ್ವರ್ ಓಕ್ ನೆಟ್ಟರೆ ಮೆಣಸಿನ ಬಳ್ಳಿಯನ್ನಾದರೂ ಹಬ್ಬಿಸಬಹುದು.’ ಲೆಕ್ಕಕ್ಕೆ ತಪ್ಪಿಲ್ಲದ ಮಾತು. ಆದರೆ ಈ ಲೆಕ್ಕದಲ್ಲಿ ಬಿಟ್ಟುಹೋದ ಬಾಬತ್ತು ಯಾವುದು ಎಂಬುದನ್ನು ತಿಳಿಯಬೇಕಾದರೆ ಸಿಲ್ವರ್ ಓಕ್‌ನ ತವರು ಖಂಡವಾದ ಆಸ್ಟ್ರೇಲಿಯಾದ ಕಡೆಗೊಮ್ಮೆ ನೋಡುವುದು ಒಳ್ಳೆಯದು. ಅಲ್ಲಿಯ ರೈತರು ಅದೇ ಲೆಕ್ಕವನ್ನು ಇಡೀ ಒಂದು ಪ್ರಾಂತದ ಮೇಲೆ ಹಾಕಿ ನೋಡಿದ್ದಾರೆ. ಅದರ ಫಲವನ್ನೂ ಉಂಡಿದ್ದಾರೆ. ಆ ಪ್ರಾಂತದ ನಡುವೆ ಉಳಿದುಕೊಂಡ ಒಂದು ಹಳೆಯ ಕಾಡಿನ ಹೆಸರು ಡ್ರೈಯಾಂಡ್ರ. ಈ ಲೇಖನ ಆ ಕಾಡನ್ನು ಕುರಿತದ್ದು.

ಎಲ್ಲಿದೆ, ಹೇಗಿದೆ

ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ರಾಜಧಾನಿ ಪರ್ತ್ ನಗರದಿಂದ ಆಗ್ನೇಯಕ್ಕೆ ಸುಮಾರು 160 ಕಿಲೋಮೀಟರು, ಅಂದರೆ ನೂರು ಮೈಲಿ ಹೋದರೆ ಡ್ರೈಯಾಂಡ್ರ ಸಿಗುತ್ತದೆ. ಹತ್ತಿರದ ದೊಡ್ಡ ಊರು ನಾರೊಜಿನ್. ಸುತ್ತಲಿನ ಸೀಮೆಗೆ ‘ಗೋಧಿ ಪಟ್ಟಿ’ ಎಂದೇ ಹೆಸರು. ಕಣ್ಣು ಹಾಯಿಸಿದಷ್ಟು ದೂರ ಗೋಧಿ ಹೊಲ ಮತ್ತು ಕುರಿ ಮೇಯುವ ಬಯಲು. ಅದರ ನಡುವೆ ಸುಮಾರು 28,000 ಹೆಕ್ಟೇರ್, ಎಂದರೆ ಹೆಚ್ಚುಕಡಿಮೆ 70,000 ಎಕರೆ ಕಾಡು ಉಳಿದಿದೆ. ಇದು ಒಂದೇ ಹರವಿನ ಕಾಡೂ ಅಲ್ಲ; ಹೊಲಗಳ ನಡುವೆ ಚದುರಿಹೋದ 17 ತುಂಡುಗಳು. ಬಹುಕಾಲ ಸರ್ಕಾರಿ ಅರಣ್ಯವಾಗಿದ್ದ ಇದನ್ನು 2022ರಲ್ಲಿ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಲಾಯಿತು. ಆ ರಾಜ್ಯದ ನೂರನೆಯ ರಾಷ್ಟ್ರೀಯ ಉದ್ಯಾನ ಇದು.

ಕಾಡು ಎಂದೊಡನೆ ನಮ್ಮ ಕಣ್ಣಿಗೆ ಬರುವ ಹಸಿರು ಕತ್ತಲೆ ಅಲ್ಲಿಲ್ಲ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರು, ಅಂದರೆ 20 ಅಂಗುಲ. ಮಲೆನಾಡಿನಲ್ಲಿ ಜುಲೈ ತಿಂಗಳ ಒಂದು ಒಳ್ಳೆಯ ವಾರದಲ್ಲಿ ಅಷ್ಟು ಸುರಿದುಬಿಡುವುದುಂಟು. ಆ ಮಳೆಯೂ ಹೆಚ್ಚಾಗಿ ಚಳಿಗಾಲದಲ್ಲೇ ಬರುತ್ತದೆ. ಬೇಸಿಗೆ ಒಣ ಬೇಸಿಗೆ. ಆದ್ದರಿಂದ ಮರಗಳು ಬಿಡಿಬಿಡಿಯಾಗಿ ನಿಂತಿವೆ, ನಡುವೆ ಬಿಸಿಲು ನೆಲ ಮುಟ್ಟುತ್ತದೆ, ಕೆಳಗೆ ಗಡುಸು ಎಲೆಯ ಪೊದೆಗಳು. ಆ ಪೊದೆಗಳಲ್ಲಿ ಒಂದು ಬಗೆಗೆ ಸ್ವೀಡನ್ ದೇಶದ ಸಸ್ಯಶಾಸ್ತ್ರಜ್ಞ ಯೋನಾಸ್ ಡ್ರೈಯಾಂಡರ್ ಎಂಬಾತನ ನೆನಪಿಗೆ ಡ್ರೈಯಾಂಡ್ರ ಎಂದು ಹೆಸರಿಟ್ಟಿದ್ದರು. ಅದೇ ಕಾಡಿಗೂ ನಿಂತಿತು.

ಮರಗಳಲ್ಲಿ ಮುಖ್ಯವಾದದ್ದು ವಾಂಡೂ. ಇದು ನಮ್ಮ ನೀಲಗಿರಿಯ ಕುಲಕ್ಕೆ ಸೇರಿದ ಮರ. ಹೆಸರು ಆ ನೆಲದ ಮೂಲನಿವಾಸಿಗಳಾದ ನೂಂಗಾರ್ ಜನರ ಮಾತಿನಿಂದ ಬಂದದ್ದು. ಬಿಳಿಚು ತೊಗಟೆ, ಕಬ್ಬಿಣದಂತೆ ಗಟ್ಟಿಯಾದ ಭಾರದ ಮರ, ಬಹಳ ನಿಧಾನದ ಬೆಳವಣಿಗೆ. ನಾವು ನೆಟ್ಟು ಹತ್ತು ವರ್ಷದಲ್ಲಿ ಕಡಿಯುವ ನೀಲಗಿರಿಗೂ ಇದಕ್ಕೂ ಕುಲವೊಂದೇ, ಗುಣ ಬೇರೆ. ಒಂದು ವಾಂಡೂ ಮರ ನೂರಾರು ವರ್ಷ ಬಾಳುತ್ತದೆ.

ತೊಗಟೆಯಿಂದ ಉಳಿದ ಕಾಡು

ಸುತ್ತಲಿನದೆಲ್ಲ ಹೋಗಿ ಇದೊಂದು ಮಾತ್ರ ಉಳಿದದ್ದು ಹೇಗೆ? ಪ್ರಾಣಿಗಳ ಮೇಲಿನ ಕರುಣೆಯಿಂದ ಉಳಿಸಿದರು ಎಂದರೆ ಸತ್ಯಕ್ಕೆ ದೂರವಾದೀತು. ಉಳಿಸಿದ್ದು ವ್ಯಾಪಾರ.

ಈ ಕಾಡಿನ ಗುಡ್ಡಗಳ ನೆತ್ತಿಯಲ್ಲಿ ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಇರುವಂಥದೇ ಜಂಬಿಟ್ಟಿಗೆ ನೆಲ. ಗೋಧಿಗೆ ಒಗ್ಗದ ನೆಲ ಅದು. ಅಲ್ಲಿ ಬ್ರೌನ್ ಮ್ಯಾಲೆಟ್ ಎಂಬ ಇನ್ನೊಂದು ಮರ ಬೆಳೆಯುತ್ತದೆ. ಅದರ ತೊಗಟೆಯಲ್ಲಿ ಚೊಗರಿನ ಅಂಶ ಅತ್ಯಧಿಕ. ಚೊಗರು ಎಂದರೇನೆಂದು ಅಡಿಕೆ ಬೇಯಿಸುವವರಿಗೆ ಹೇಳಬೇಕಾದ್ದಿಲ್ಲ. ನಮ್ಮ ಹಂಡೆಯಲ್ಲಿ ಕೆಂಪಗೆ ಕುದಿಯುವ ಆ ಒಗರು ರಸದ ಜಾತಿಯದೇ ಟ್ಯಾನಿನ್. ಚರ್ಮ ಹದಮಾಡುವ ಕೈಗಾರಿಕೆಗೆ ಅದು ಬೇಕು. ನಮ್ಮಲ್ಲಿ ತಂಗಡಿ ತೊಗಟೆಯನ್ನು ಬಳಸುತ್ತಿದ್ದರಲ್ಲ, ಹಾಗೆ. 1900ರ ನಂತರದ ವರ್ಷಗಳಲ್ಲಿ ಮ್ಯಾಲೆಟ್ ತೊಗಟೆಗೆ ವಿದೇಶಗಳಿಂದ ಬೇಡಿಕೆ ಬಂತು. ಸಿಕ್ಕಸಿಕ್ಕಲ್ಲಿ ಸುಲಿದು ಸಾಗಿಸಿ ಕಾಡು ಮರಗಳು ಮುಗಿಯುತ್ತ ಬಂದಾಗ ಅರಣ್ಯ ಇಲಾಖೆಯವರು 1920ರ ದಶಕದಿಂದ ಡ್ರೈಯಾಂಡ್ರದಲ್ಲಿ ಮ್ಯಾಲೆಟ್ ನೆಡುತೋಪುಗಳನ್ನೇ ಎಬ್ಬಿಸಿದರು. ಸಾವಿರಾರು ಎಕರೆ ನೆಟ್ಟರು. ಮುಂದೆ ತೊಗಟೆಯ ಮಾರುಕಟ್ಟೆ ಬಿದ್ದುಹೋಯಿತು. ಮರವನ್ನು ಗುದ್ದಲಿ, ಕೊಡಲಿಗಳ ಕಾವಿಗೆ ಬಳಸಿದರು. ಅಷ್ಟರಲ್ಲಿ ನೆಲ ಅರಣ್ಯ ಇಲಾಖೆಯ ವಶದಲ್ಲೇ ಇದ್ದುದರಿಂದ, ತೋಪುಗಳ ನಡುವಿನ ಹಳೆಯ ವಾಂಡೂ ಕಾಡೂ ನೇಗಿಲಿನಿಂದ ಪಾರಾಯಿತು.

ಪ್ರಾಣಿಗಳ ದೃಷ್ಟಿಯಿಂದ ಮಾತ್ರ ಈ ಎರಡು ಬಗೆಯ ಕಾಡಿಗೆ ಬಹಳ ಅಂತರವಿದೆ. ನೆಟ್ಟ ತೋಪಿನಲ್ಲಿ ಮರಗಳೆಲ್ಲ ಒಂದೇ ವಯಸ್ಸಿನವು, ನೆಟ್ಟಗೆ, ಗಟ್ಟಿಯಾಗಿ, ಕೊಂಬೆ ಬೀಳದಂತೆ ನಿಂತಿವೆ. ನಾಟದ ವ್ಯಾಪಾರಿ ಮೆಚ್ಚುವಂತಿವೆ. ಹಳೆಯ ವಾಂಡೂ ಕಾಡಿನಲ್ಲಿ ಸೊಟ್ಟ ಮರ, ಬೋಳು ಮರ, ಟೊಳ್ಳು ಮರ, ಬಿದ್ದು ಒಣಗಿದ ದಿಮ್ಮಿ. ಅಪರೂಪದ ಜೀವಿಗಳೆಲ್ಲ ನೆಚ್ಚಿಕೊಂಡಿರುವುದು ಈ ಎರಡನೆಯದನ್ನು.

ಗೆದ್ದಲು ಕಟ್ಟಿದ ಮನೆ

ಈಗ ಆ ಜೀವಿಗಳ ವಿಷಯಕ್ಕೆ ಬರೋಣ. ಆಸ್ಟ್ರೇಲಿಯಾದ ಮೂಲ ಸಸ್ತನಿಗಳಲ್ಲಿ ಬಹುಪಾಲು ಕಾಂಗರೂವಿನ ಬಳಗದವು. ಇವನ್ನು ಹೊಟ್ಟೆಚೀಲದ ಪ್ರಾಣಿಗಳೆಂದು ಕರೆಯುತ್ತೇವೆ. ಮರಿ ಪೂರ್ತಿ ಬಲಿಯುವ ಮೊದಲೇ, ಹುಳುವಿನಷ್ಟಿರುವಾಗಲೇ ಹುಟ್ಟಿ, ತಾಯಿಯ ಮೈಯ ರೋಮ ಹಿಡಿದು ತೆವಳಿ, ಮೊಲೆತೊಟ್ಟು ಕಚ್ಚಿಕೊಂಡು ಉಳಿದ ಬೆಳವಣಿಗೆಯನ್ನು ಅಲ್ಲಿಯೇ ಮುಗಿಸುತ್ತದೆ. ಡ್ರೈಯಾಂಡ್ರ ಇಂಥ ಹಲವು ಅಪರೂಪದ ಪ್ರಾಣಿಗಳ ಆಶ್ರಯ. ಅವುಗಳಲ್ಲಿ ಹೆಸರುವಾಸಿಯಾದದ್ದು ನಂಬ್ಯಾಟ್. ಅದು ಪಶ್ಚಿಮ ಆಸ್ಟ್ರೇಲಿಯಾದ ರಾಜ್ಯಪ್ರಾಣಿಯೂ ಹೌದು.

ನಂಬ್ಯಾಟ್ ಗಾತ್ರದಲ್ಲಿ ನಮ್ಮ ಅಳಿಲಿಗಿಂತ ದೊಡ್ಡದು, ಕೆಂದಳಿಲಿಗಿಂತ ಚಿಕ್ಕದು. ತೂಕ ಅರ್ಧ ಕೆ.ಜಿ. ಅಥವಾ ತುಸು ಹೆಚ್ಚು. ಇಟ್ಟಿಗೆ ಕೆಂಪಿನ ಮೈ, ಬೆನ್ನಿನ ಮೇಲೆ ಅಡ್ಡಡ್ಡ ಬಿಳಿ ಪಟ್ಟೆ, ಪೊದೆಯಂಥ ಬಾಲ, ಕಣ್ಣಿನ ಮೇಲೆ ಹಾದುಹೋಗುವ ಒಂದು ಕಪ್ಪು ಗೆರೆ. ಹೊಟ್ಟೆಚೀಲದ ಬಳಗದ್ದಾದರೂ ಇದಕ್ಕೆ ಚೀಲವೇ ಇಲ್ಲ. ನಾಲ್ಕು ಮರಿಗಳು ತಾಯಿಯ ಹೊಟ್ಟೆಯ ಕೂದಲಿನ ನಡುವೆ ಮೊಲೆಗೆ ಜೋತುಬಿದ್ದಿರುತ್ತವೆ. ಆಸ್ಟ್ರೇಲಿಯಾದ ಇಂಥ ಪ್ರಾಣಿಗಳಲ್ಲಿ ಹೆಚ್ಚಿನವು ರಾತ್ರಿಯ ಸಂಚಾರಿಗಳು; ನಂಬ್ಯಾಟ್ ಮಾತ್ರ ಹಗಲಿನಲ್ಲೇ ಓಡಾಡುತ್ತದೆ. ಅದಕ್ಕೆ ಕಾರಣ ಅದರ ಊಟ.

ಅದು ತಿನ್ನುವುದು ಗೆದ್ದಲನ್ನು, ಗೆದ್ದಲನ್ನು ಮಾತ್ರ. ದಿನಕ್ಕೆ 20,000ದವರೆಗೂ ತಿನ್ನುತ್ತದೆ. ಆದರೆ ನಮ್ಮ ಕರಡಿಯಂತೆ ಹುತ್ತ ಒಡೆಯುವ ಉಗುರು, ತೋಳ್ಬಲ ಅದಕ್ಕಿಲ್ಲ. ಗೆದ್ದಲು ತನ್ನ ಗೂಡಿನಿಂದ ಬಿದ್ದ ಮರದವರೆಗೆ ನೆಲದ ಮೇಲ್ಪದರದಲ್ಲೇ ಸಣ್ಣ ಸುರಂಗ ತೋಡಿಕೊಂಡು ಓಡಾಡುತ್ತದಲ್ಲ, ಆ ಸುರಂಗವನ್ನು ಮೂಸಿ ಪತ್ತೆಮಾಡಿ, ಅಂಗುಲದಷ್ಟು ಕೆರೆದು, ಉದ್ದನೆಯ ತೆಳು ನಾಲಗೆ ಹಾಯಿಸಿ ಎಳೆದುಕೊಳ್ಳುತ್ತದೆ. ಗೆದ್ದಲು ಮೇಲ್ಪದರಕ್ಕೆ ಬರುವುದು ನೆಲ ಬೆಚ್ಚಗಾದಾಗ. ಚಳಿಗಾಲದಲ್ಲಿ ನಡುಹಗಲು, ಬೇಸಿಗೆಯಲ್ಲಿ ಬೆಳಗ್ಗೆ ಮತ್ತು ಸಂಜೆ. ನಂಬ್ಯಾಟಿನ ದಿನಚರಿಯೂ ಅದಕ್ಕೆ ಸರಿಯಾಗಿ ಬದಲಾಗುತ್ತದೆ.

ಹಗಲಿನಲ್ಲಿ ಬಯಲಿಗೆ ಬರುವ ಪುಟ್ಟ ಪ್ರಾಣಿಗೆ ಗಿಡುಗನ ಭಯ ತಪ್ಪಿದ್ದಲ್ಲ. ಓಡಿ ನುಗ್ಗಲು ಹತ್ತಿರದಲ್ಲೇ ಒಂದು ಬಿಲ ಬೇಕು. ಇಲ್ಲಿ ವಾಂಡೂ ಮರ ಮತ್ತು ಗೆದ್ದಲು ಸೇರಿ ಮಾಡುವ ಕೆಲಸವನ್ನು ಗಮನಿಸಬೇಕು. ಗೆದ್ದಲು ಬದುಕಿರುವ ಹಳೆಯ ವಾಂಡೂ ಮರದ ಒಳತಿರುಳನ್ನು ವರ್ಷಗಟ್ಟಲೆ ತಿನ್ನುತ್ತ ಹೋಗುತ್ತದೆ. ಹೊರಗಿನ ಹಸಿಮರ ಗಟ್ಟಿಯಾಗಿದ್ದು ಮರ ಬದುಕಿಯೇ ಇರುತ್ತದೆ. ಕೊನೆಗೆ ಕೊಂಬೆಯೋ ಕಾಂಡವೋ ಮುರಿದು ಬಿದ್ದಾಗ ಅದು ಕೊಳವೆಯಂತೆ ಟೊಳ್ಳಾದ ದಿಮ್ಮಿ. ನಂಬ್ಯಾಟಿನ ಮನೆ ಅದು. ಶತ್ರು ಬೆನ್ನಟ್ಟಿದರೆ ಒಳನುಗ್ಗಿ ತನ್ನ ದಪ್ಪ ಚರ್ಮದ ಹಿಂಭಾಗವನ್ನೇ ಬಾಗಿಲಿನಂತೆ ಅಡ್ಡವಿಟ್ಟುಕೊಳ್ಳುತ್ತದೆ. ಬೇಸಿಗೆಯ ನಡುಹಗಲಿನಲ್ಲಿ ಅದೇ ತಂಪಿನ ತಾಣ. ಹೀಗೆ ಊಟ ಕೊಡುವುದೂ ಗೆದ್ದಲು, ಮನೆ ಕಟ್ಟಿಕೊಡುವುದೂ ಗೆದ್ದಲು.

ಪೊಟರೆಯ ಒಕ್ಕಲುಗಳು ಇನ್ನೂ ಇವೆ. ಕೆಂಪುಬಾಲದ ಫ್ಯಾಸ್ಕೊಗೇಲ್ ಎಂಬ, ಇಲಿಯ ಆಕಾರದ ಕೀಟಾಹಾರಿ ಪ್ರಾಣಿಯೊಂದು ನಿಂತ ಮರದ ಸಣ್ಣ ಪೊಟರೆಯಲ್ಲಿ ಗೂಡು ಮಾಡುತ್ತದೆ. ಅದರ ಗಂಡುಗಳು ವರ್ಷ ತುಂಬುವುದರೊಳಗೆ ಒಮ್ಮೆ ಬೆದೆ ಮುಗಿಸಿ ಎಲ್ಲವೂ ಸತ್ತುಹೋಗುತ್ತವೆ. ಮುಂದಿನ ಪೀಳಿಗೆಯ ಹೊಣೆ ಪೂರ್ತಿ ಪೊಟರೆಯಲ್ಲಿರುವ ಹೆಣ್ಣಿನದು. ಆ ವರ್ಷ ಪೊಟರೆ ಸಿಗದಿದ್ದರೆ ಅಲ್ಲಿಗೆ ವಂಶ ನಿಂತಂತೆಯೇ. ಕಾರ್ನಬಿಯ ಕರಿ ಕಾಕಟೂ ಎಂಬ ಅಪರೂಪದ ದೊಡ್ಡ ಗಿಣಿಗಂತೂ ಆಳವಾದ ದೊಡ್ಡ ಪೊಟರೆಯೇ ಆಗಬೇಕು. ಅಂಥದು ಆಗುವುದಕ್ಕೆ ಮರಕ್ಕೆ ನೂರು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿರಬೇಕು.

ಆದ್ದರಿಂದಲೇ ‘ಹಳೆಯ ಕಾಡು’ ಎಂಬ ಮಾತಿಗೆ ಬೆಲೆ. ಕಡಿದಷ್ಟೇ ಗಿಡ ನೆಟ್ಟರೆ ಲೆಕ್ಕ ಸರಿಹೋಯಿತೆಂದು ನಾವು ತಿಳಿಯುತ್ತೇವೆ. ಮರದ ಲೆಕ್ಕ ಸರಿಹೋದೀತು. ಪೊಟರೆಯ ಲೆಕ್ಕ ಸರಿಹೋಗುವುದು ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೆ. ಈ ನಡುವಿನ ನೂರು ವರ್ಷ ಆ ಪ್ರಾಣಿಗಳು ಎಲ್ಲಿ ಇರಬೇಕು?

ಗಂಧದ ಬೀಜ ಹೂಳುವ ವಾಯ್ಲಿ

ಎರಡನೆಯ ಪ್ರಾಣಿ ವಾಯ್ಲಿ. ಒಂದು, ಒಂದೂವರೆ ಕೆ.ಜಿ. ತೂಗುವ ಗಿಡ್ಡ ಕಾಂಗರೂ ಎನ್ನಬಹುದು. ಬಾಲವನ್ನು ಸುರುಳಿ ಮಾಡಿ ಅದರಲ್ಲಿ ಒಣಹುಲ್ಲಿನ ಕಟ್ಟು ಹಿಡಿದು ಗೂಡಿಗೆ ಸಾಗಿಸುವ ಚಮತ್ಕಾರ ಇದರದು. ರಾತ್ರಿಯೆಲ್ಲ ನೆಲ ಕೆದಕುತ್ತ ಮಣ್ಣಿನೊಳಗೇ ಬೆಳೆಯುವ ಅಣಬೆಗಳನ್ನು ಹುಡುಕಿ ತಿನ್ನುತ್ತದೆ. ನಮ್ಮಲ್ಲಿ ಮೊದಲ ಮಳೆಗೆ ಕಲ್ಲಣಬೆ ಹುಡುಕುವವರಿಗೆ ಈ ಕೆಲಸದ ಕಷ್ಟ ಗೊತ್ತು.

ಈ ಅಣಬೆಗಳು ಮರದ ಬೇರಿಗೆ ಹೊಂದಿಕೊಂಡು ಬದುಕುವಂಥವು. ಬಡ ಮಣ್ಣಿನಿಂದ ರಂಜಕವನ್ನು ಹೀರಿ ಮರಕ್ಕೆ ಒದಗಿಸಿ, ಪ್ರತಿಯಾಗಿ ಮರದಿಂದ ಸಕ್ಕರೆ ಪಡೆಯುತ್ತವೆ. ವಾಯ್ಲಿ ತಿಂದ ಅಣಬೆಯ ಬೀಜಕಣಗಳು ಅದರ ಹಿಕ್ಕೆಯೊಂದಿಗೆ ಹೊಸ ಜಾಗ ಸೇರುತ್ತವೆ. ಇದರ ಜೊತೆಗೆ ಉಳುಮೆ ಬೇರೆ. ಡ್ರೈಯಾಂಡ್ರದಲ್ಲಿ ಲೆಕ್ಕ ಹಾಕಿದವರ ಪ್ರಕಾರ ಒಂದು ವಾಯ್ಲಿ ವರ್ಷಕ್ಕೆ ಸುಮಾರು 5 ಟನ್ ಮಣ್ಣು ಕೆದಕುತ್ತದೆ. ಆ ಗುಂಡಿಗಳಲ್ಲಿ ತರಗು ಸೇರುತ್ತದೆ, ಮಳೆ ನೀರು ಇಂಗುತ್ತದೆ. ಸಂಬಳವಿಲ್ಲದ ಆಳು.

ನಮಗೆ ಇನ್ನೂ ಹತ್ತಿರದ ಸಂಗತಿ ಒಂದಿದೆ. ಆ ಸೀಮೆಯಲ್ಲಿ ನಮ್ಮ ಶ್ರೀಗಂಧದ ಕುಲಕ್ಕೇ ಸೇರಿದ ಒಂದು ಗಂಧದ ಮರ ಕಾಡಿನಲ್ಲಿ ತಾನಾಗಿ ಬೆಳೆಯುತ್ತದೆ. 1840ರ ದಶಕದಿಂದಲೇ ಅದನ್ನು ಕಡಿದು ಹಡಗಿಗೆ ಹೇರುತ್ತ ಬಂದರು. ಗಂಧ ಪರಾವಲಂಬಿ ಎಂಬುದು ನಮಗೆ ತಿಳಿದದ್ದೇ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಚುಚ್ಚದೆ ಅದು ಏಳಿಗೆಯಾಗದು. ಆ ಗಂಧದ ಬೀಜ ದಪ್ಪ, ಗಟ್ಟಿ ಓಡಿನದು. ತಾಯಿಮರದ ಬುಡದಲ್ಲೇ ಬಿದ್ದರೆ ಪ್ರಯೋಜನ ಕಡಿಮೆ. ವಾಯ್ಲಿ ಈ ಬೀಜಗಳನ್ನು ಒಯ್ದು ಅಲ್ಲಲ್ಲಿ ಒಂದೊಂದಾಗಿ ಹೂತಿಟ್ಟು ಬೇಕಾದಾಗ ತಿನ್ನುತ್ತದೆ. ಮರೆತುಹೋದದ್ದು ಬೇರೊಂದು ಗಿಡದ ಪಕ್ಕದಲ್ಲಿ ಮೊಳೆಯುತ್ತದೆ. ವಾಯ್ಲಿ ಇರುವಲ್ಲಿ ಗಂಧದ ಸಸಿಗಳು ತಾಯಿಮರದಿಂದ ದೂರದೂರದಲ್ಲಿ ಏಳುತ್ತವೆ. ಅದು ಇಲ್ಲದ ಕಾಡಿನಲ್ಲಿ ಮುದಿ ಮರಗಳಿವೆ, ಸಸಿಗಳು ವಿರಳ. ಪ್ರಾಣಿ ಹೋದ ಮೇಲೂ ಕಾಡು ಮೊದಲಿನಂತೆ ಹಸಿರಾಗಿಯೇ ಕಾಣಬಹುದು. ಒಳಗಿಂದ ಅದಕ್ಕೆ ಮುಂದಿನ ತಲೆಮಾರು ಇಲ್ಲವಾಗಿರುತ್ತದೆ.

ನರಿಯೂ ಬೆಕ್ಕೂ

ಒಂದು ಕಾಲಕ್ಕೆ ವಾಯ್ಲಿ ಆಸ್ಟ್ರೇಲಿಯಾದ ದಕ್ಷಿಣಾರ್ಧದ ಉದ್ದಗಲಕ್ಕೂ ಇತ್ತು. ನಂಬ್ಯಾಟೂ ಹಾಗೆಯೇ ದೂರದೂರಕ್ಕೆ ಹಬ್ಬಿತ್ತು. 1970ರ ದಶಕದ ಹೊತ್ತಿಗೆ ವಾಯ್ಲಿ ನೈಋತ್ಯ ಮೂಲೆಯ ಮೂರು ಕಾಡುತುಂಡುಗಳಿಗೆ ಇಳಿದಿತ್ತು. ನಂಬ್ಯಾಟ್ ಉಳಿದದ್ದು ಮುಖ್ಯವಾಗಿ ಎರಡು ಕಡೆ: ಡ್ರೈಯಾಂಡ್ರ ಮತ್ತು ಇನ್ನೂ ದಕ್ಷಿಣದ ಪೆರಪ್. ಕಾಡು ಕಡಿದದ್ದು ಒಂದು ಕಾರಣ. ಇನ್ನೊಂದು, ಯುರೋಪಿನವರು ಬೇಟೆಯ ಮೋಜಿಗೆಂದು 19ನೆಯ ಶತಮಾನದಲ್ಲಿ ತಂದುಬಿಟ್ಟ ಕೆಂಪುನರಿ. ಈ ಶತ್ರುವನ್ನು ಅಲ್ಲಿನ ಪ್ರಾಣಿಗಳು ಕಂಡಿರಲೇ ಇಲ್ಲ.

ಪರಿಹಾರ ಸಿಕ್ಕಿದ್ದು ಆ ಕಾಡಿನ ಗಿಡದಲ್ಲೇ. ಅಲ್ಲಿ ಗ್ಯಾಸ್ಟ್ರೊಲೋಬಿಯಂ ಎಂಬ, ಅವರೆಯ ಕುಟುಂಬದ ವಿಷದ ಪೊದೆಗಳಿವೆ. ಕುರಿ ದನಗಳು ಮೇದರೆ ಸಾವು ಖಚಿತ. ಮೊದಲ ವಲಸಿಗ ರೈತರು ಈ ಗಿಡಕ್ಕೆ ಹೆದರಿ ಎಷ್ಟೋ ಕಾಡಿನ ಅಂಚಿಗೆ ಮಂದೆ ಬಿಡುತ್ತಿರಲಿಲ್ಲ. ಸ್ಥಳೀಯ ಪ್ರಾಣಿಗಳಾದರೋ ಸಾವಿರಾರು ವರ್ಷಗಳಿಂದ ಅದನ್ನು ಮೇದು, ಮೇದವನ್ನು ತಿಂದು, ಆ ವಿಷಕ್ಕೆ ಒಗ್ಗಿಹೋಗಿವೆ. ಅದೇ ವಿಷವಸ್ತುವನ್ನು ಕಾರ್ಖಾನೆಯಲ್ಲಿ ತಯಾರಿಸಿದರೆ 1080 ಎಂಬ ಹೆಸರಿನ ಪುಡಿ. ಒಣಮಾಂಸದ ತುಂಡಿಗೆ ಅದನ್ನು ಸೇರಿಸಿಟ್ಟರೆ ನರಿ ಸಾಯುತ್ತದೆ, ಸ್ಥಳೀಯ ಪ್ರಾಣಿಗಳು ಆ ಪ್ರಮಾಣವನ್ನು ತಡೆದುಕೊಳ್ಳುತ್ತವೆ. 1980ರ ದಶಕದ ಆರಂಭದಲ್ಲಿ ಡ್ರೈಯಾಂಡ್ರದ ಒಂದು ಭಾಗದಲ್ಲಿ ಹೀಗೆ ವಿಷವಿಟ್ಟು, ಇನ್ನೊಂದು ಭಾಗವನ್ನು ಹಾಗೆಯೇ ಬಿಟ್ಟು ಪರೀಕ್ಷೆ ಮಾಡಿದರು. ವಿಷವಿಟ್ಟ ಕಡೆ ನಂಬ್ಯಾಟ್ ಹೆಚ್ಚಿತು. 1996ರಲ್ಲಿ ಈ ಕ್ರಮವನ್ನು ಇಡೀ ರಾಜ್ಯದ ಕಾಡುಗಳಿಗೆ ವಿಸ್ತರಿಸಿದರು. ಅದೇ ವರ್ಷ ವಾಯ್ಲಿಯ ಸಂಖ್ಯೆ ಚೇತರಿಸಿಕೊಂಡಿತೆಂದು ಅದನ್ನು ಅಪಾಯದ ಪಟ್ಟಿಯಿಂದಲೇ ತೆಗೆದುಹಾಕಿದರು.

(ಇಲ್ಲಿ ಒಂದು ಎಚ್ಚರಿಕೆಯ ಮಾತು. ಆ ಉಪಾಯ ಆ ನೆಲಕ್ಕೆ ಮಾತ್ರ ಸಲ್ಲುವಂಥದು. ನಮ್ಮ ಕಾಡಿನ ಪ್ರಾಣಿಗಳಿಗೆ ಅಂಥ ರಕ್ಷಣೆ ಇಲ್ಲ. ಹಂದಿಗೋ ಮುಳ್ಳುಹಂದಿಗೋ ವಿಷವಿಡುವುದು ನಮ್ಮಲ್ಲಿ ಕಾನೂನಿಗೂ ವಿರುದ್ಧ, ಧರ್ಮಕ್ಕೂ ವಿರುದ್ಧ.)

ಆದರೆ ಗೆದ್ದೆವೆಂದುಕೊಂಡಾಗಲೇ ಸೋಲು ಬಂತು. ಪಟ್ಟಿಯಿಂದ ತೆಗೆದ ಕೆಲವೇ ವರ್ಷಗಳಲ್ಲಿ ವಾಯ್ಲಿಗಳು ಕುಸಿಯತೊಡಗಿ, ಹತ್ತು ವರ್ಷ ತುಂಬುವುದರೊಳಗೆ ನೂರಕ್ಕೆ ಸುಮಾರು ತೊಂಬತ್ತರಷ್ಟು ಇಲ್ಲವಾದವು. ಮತ್ತೆ ಅಪಾಯದ ಪಟ್ಟಿಗೆ ಸೇರಿಸಬೇಕಾಯಿತು. ಡ್ರೈಯಾಂಡ್ರದಲ್ಲಿ ವಾಯ್ಲಿಗಳಿಗೆ ಸಣ್ಣ ರೇಡಿಯೋ ಕೊರಳಪಟ್ಟಿ ಕಟ್ಟಿ, ಸತ್ತವನ್ನು ಪತ್ತೆಮಾಡಿ ಪರೀಕ್ಷಿಸಿದಾಗ ಮುಖ್ಯ ಅಪರಾಧಿ ಸಿಕ್ಕಿತು: ಕಾಡುಬಿದ್ದ ಸಾಕುಬೆಕ್ಕು. ನರಿ ಇದ್ದಾಗ ಬೆಕ್ಕು ಹೆದರಿ ಹತೋಟಿಯಲ್ಲಿತ್ತು. ನರಿ ಕಡಿಮೆಯಾದ ಮೇಲೆ ಬೆಕ್ಕಿಗೆ ಹಬ್ಬ. ಬೆಕ್ಕಿಗೆ ಬದುಕಿರುವ ಬೇಟೆಯೇ ಇಷ್ಟ. ಒಣಮಾಂಸಕ್ಕೆ ಬಾಯಿ ಹಾಕುವುದು ಅಪರೂಪ. ಅದಕ್ಕೆಂದೇ ಬೇರೆ ಬಗೆಯ ಮೆತ್ತನೆಯ ವಿಷಮಾಂಸ ತಯಾರಿಸಿ, ಬೋನು ಇಟ್ಟು, ಹೊಸದಾಗಿ ಕೆಲಸ ಆರಂಭಿಸಬೇಕಾಯಿತು. ಈಚಿನ ವರ್ಷಗಳಲ್ಲಿ ನಂಬ್ಯಾಟ್ ಮತ್ತೆ ಹೆಚ್ಚಾಗಿ ಕಣ್ಣಿಗೆ ಬೀಳುತ್ತಿದೆ. ಹಾಗಿದ್ದರೂ ಇಡೀ ದೇಶದ ಕಾಡಿನಲ್ಲಿ ವಯಸ್ಕ ನಂಬ್ಯಾಟುಗಳು ಸಾವಿರಕ್ಕಿಂತ ಕಡಿಮೆ ಎಂದೇ ಅಂದಾಜು.

ಕೀಟನಾಶಕ ಹೊಡೆದ ವರ್ಷ ಒಂದು ಹುಳು ಹೋಗಿ, ಮರುವರ್ಷ ಅದುವರೆಗೆ ಹೆಸರೇ ಕೇಳದಿದ್ದ ಇನ್ನೊಂದು ಹುಳು ಮೇಲೇಳುವುದನ್ನು ತೋಟದಲ್ಲಿ ನಾವೂ ನೋಡಿದ್ದೇವೆ. ಲೆಕ್ಕ ಒಂದೇ. ತುಂಡಾಗಿ ಉಳಿದ ಕಾಡು ತನ್ನಷ್ಟಕ್ಕೆ ತಾನು ಬಾಳಲಾರದು. ವರ್ಷವೂ ಅದಕ್ಕೆ ಕಾವಲು ಬೇಕು, ಖರ್ಚು ಬೇಕು. ಇಡಿಯಾಗಿದ್ದಾಗ ಪುಕ್ಕಟೆಯಾಗಿ ನಡೆಯುತ್ತಿದ್ದ ಕೆಲಸಕ್ಕೆ ಮುರಿದ ಮೇಲೆ ಕೂಲಿ ಕೊಡಬೇಕು.

ಉಪ್ಪು ಮೇಲೆದ್ದ ಹೊಲ

ಸುತ್ತಲಿನ ರೈತರಿಗೇನಾಯಿತು? ಈ ಪ್ರಶ್ನೆ ನಮಗೆ ಮುಖ್ಯವಾದದ್ದು.

ಆ ಪ್ರಾಂತದ ನೆಲದಾಳದಲ್ಲಿ ಉಪ್ಪಿದೆ. ಸಮುದ್ರದಿಂದ ಬರುವ ಮಳೆಮೋಡದೊಂದಿಗೆ ಸಾವಿರಾರು ವರ್ಷಗಳಿಂದ ಎಳ್ಳಷ್ಟು ಎಳ್ಳಷ್ಟಾಗಿ ಬಂದು ತಂಗಿದ ಉಪ್ಪು. ವಾಂಡೂವಿನಂಥ ಮರಗಳು ಆಳಕ್ಕೆ ಬೇರಿಳಿಸಿ ವರ್ಷವಿಡೀ ನೀರು ಹೀರುತ್ತಿದ್ದುದರಿಂದ ಅಂತರ್ಜಲ ಕೆಳಗೇ ಇತ್ತು, ಉಪ್ಪೂ ಕೆಳಗೇ ಇತ್ತು. ಮರ ತೆಗೆದು ಗೋಧಿ ಬಿತ್ತಿದರು. ಗೋಧಿ ಚಳಿಗಾಲದ ಬೆಳೆ, ಬೇರೂ ಗಿಡ್ಡ. ಹೀರುವವರಿಲ್ಲದೆ ನೀರು ನೆಲದೊಳಗೆ ಸೇರುತ್ತ ಹೋಗಿ, ಅಂತರ್ಜಲ ವರ್ಷವರ್ಷಕ್ಕೆ ಮೇಲೇರಿ, ಉಪ್ಪನ್ನು ಕರಗಿಸಿಕೊಂಡೇ ಬಂತು. ತಗ್ಗಿನ ಹೊಲಗಳು ಬೆಳ್ಳಗೆ ಬರಡಾದವು, ಹಳ್ಳಗಳು ಉಪ್ಪಾದವು. ನಮ್ಮ ತುಂಗಭದ್ರಾ ಅಚ್ಚುಕಟ್ಟಿನ ರೈತರು ಇದನ್ನೇ ಸವಳು ಜವಳು ಎನ್ನುತ್ತಾರೆ. ಅಲ್ಲಿ ಕಾರಣ ಕಾಲುವೆಯ ನೀರು, ಇಲ್ಲಿ ಕಡಿದ ಮರ. ನೆಲಕ್ಕೆ ಆದದ್ದು ಒಂದೇ.

ಇದು ತಿಳಿಯದೆ ಆದ ತಪ್ಪು ಎನ್ನುವಂತೆಯೂ ಇಲ್ಲ. ಉಗಿಬಂಡಿಗಳಿಗೆ ನೀರೊದಗಿಸುವ ಕೆರೆಗಳು ಉಪ್ಪಾಗುವುದನ್ನು ಗಮನಿಸಿದ ಡಬ್ಲ್ಯು. ಇ. ವುಡ್ ಎಂಬ ರೈಲ್ವೆ ಎಂಜಿನಿಯರು, ಮರ ಕಡಿದದ್ದೇ ಇದಕ್ಕೆ ಕಾರಣವೆಂದು 1924ರಲ್ಲೇ ಬರೆದು ಪ್ರಕಟಿಸಿದ್ದರು. ಆದರೂ 1960ರ ದಶಕದಲ್ಲಿ ವರ್ಷಕ್ಕೆ ಹತ್ತು ಲಕ್ಷ ಎಕರೆ ಹೊಸ ನೆಲ ಎಂಬ ಘೋಷಣೆಯೊಂದಿಗೆ ಕಾಡನ್ನು ಕೃಷಿಗೆ ಬಿಟ್ಟುಕೊಟ್ಟರು. ಇಂದು ಆ ರಾಜ್ಯದ ನೈಋತ್ಯ ಭಾಗದಲ್ಲಿ ಉಪ್ಪಿಗೆ ತುತ್ತಾದ ಭೂಮಿ ಹತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು. ಹೊಲದಲ್ಲಿ ಮರ ನೆಡುವ ಕೆಲಸಕ್ಕೆ ಈಗ ಆ ರೈತರೇ ಮುಂದಾಗಿದ್ದಾರೆ. ಹಳೆಯ ವಾಂಡೂ ಕಾಡು ಎಷ್ಟು ಕೆಲಸ ಮಾಡುತ್ತಿತ್ತು ಎಂಬುದು ಅದು ಹೋದ ಮೇಲೆ ತಿಳಿಯಿತು.

ನಮ್ಮ ತೋಟಕ್ಕೆ ಬಂದರೆ

ನಮ್ಮ ನೆಲ ಬೇರೆ, ಮಳೆ ಬೇರೆ. ನಮ್ಮಲ್ಲಿ ನಂಬ್ಯಾಟ್ ಇಲ್ಲ. ಆದರೆ ಪೊಟರೆಯ ಒಕ್ಕಲುಗಳು ನಮ್ಮಲ್ಲೂ ಇದ್ದಾರೆ. ಮಂಗಟ್ಟೆ ಹಕ್ಕಿ ತಾನಾಗಿ ಮರ ಕೊರೆಯಲಾರದು. ದೊಡ್ಡ ಪೊಟರೆ ಸಿಕ್ಕರೆ ಹೆಣ್ಣು ಒಳಗೆ ಕೂತು ಬಾಗಿಲು ಮೆತ್ತಿಕೊಂಡು ಮರಿ ಮಾಡುತ್ತದೆ, ಸಿಗದಿದ್ದರೆ ಆ ವರ್ಷ ಮರಿಯಿಲ್ಲ. ಅದು ಉಗುಳಿದ ಬೀಜದಿಂದ ನಮ್ಮ ಎಷ್ಟೋ ಕಾಡುಮರಗಳು ಹುಟ್ಟುತ್ತವೆ. ಹಾರುಬೆಕ್ಕು ಇರುವುದು ಪೊಟರೆಯಲ್ಲಿ. ತೋಟದ ಇಲಿ ಹಿಡಿಯುವ ಗೂಬೆ ಇರುವುದು ಪೊಟರೆಯಲ್ಲಿ. ತುಡುವೆ ಜೇನು ತಾನಾಗಿ ಸಂಸಾರ ಹೂಡುವುದೂ ಬಹುಮಟ್ಟಿಗೆ ಪೊಟರೆಯಲ್ಲೇ. ರೊಬಸ್ಟಾ ಕಾಫಿ ಪರಪರಾಗಸ್ಪರ್ಶವಿಲ್ಲದೆ ಕಾಯಿ ಕಟ್ಟದೆಂಬುದು ಬೆಳೆಗಾರರಿಗೆ ತಿಳಿದ ವಿಷಯ. ಹೂವಿನ ವಾರದಲ್ಲಿ ಜೇನು ಬೇಕು ಎನ್ನುವವರು ಉಳಿದ ಐವತ್ತೊಂದು ವಾರ ಅದಕ್ಕೆ ಮನೆ ಎಲ್ಲಿದೆ ಎಂದೂ ನೋಡಬೇಕಲ್ಲವೆ?

ಸಿಲ್ವರ್ ಓಕ್ ಕೆಟ್ಟ ಮರವೆಂದು ಇಲ್ಲಿ ಹೇಳುತ್ತಿಲ್ಲ. ಅದು ಬೇಗ ಬೆಳೆಯುತ್ತದೆ, ಮೆಣಸಿಗೆ ಆಸರೆ ಕೊಡುತ್ತದೆ, ಕಷ್ಟಕಾಲಕ್ಕೆ ದುಡ್ಡಾಗುತ್ತದೆ. ಆದರೆ ಅದನ್ನು ಪೊಟರೆ ಬೀಳುವಷ್ಟು ಕಾಲ ಯಾರೂ ಬಿಡುವುದಿಲ್ಲ. ಕಾಡುಮರಗಳನ್ನೆಲ್ಲ ತೆಗೆದು ಅದೊಂದನ್ನೇ ತುಂಬಿದ ತೋಟ ಡ್ರೈಯಾಂಡ್ರದ ಮ್ಯಾಲೆಟ್ ತೋಪಿನಂತೆ: ಅಚ್ಚುಕಟ್ಟು, ಆದರೆ ಒಕ್ಕಲಿಲ್ಲದ ಮನೆ.

ಸದಸ್ಯ ಬಾಂಧವರು ಹೆಚ್ಚಿನ ಖರ್ಚಿಲ್ಲದೆ ಮಾಡಬಹುದಾದ ಕೆಲವು ಕೆಲಸಗಳಿವೆ. ಮರಗಸಿಗೆ ಆಳು ಬಿಡುವ ಮೊದಲು ತೋಟವನ್ನೊಮ್ಮೆ ಸುತ್ತಿ ಪೊಟರೆ ಮರಗಳಿಗೆ ಸುಣ್ಣದ ಗುರುತು ಹಾಕಿ, ಅವನ್ನು ಉಳಿಸಲು ಹೇಳುವುದು. ಆಳುಮನೆ, ಕಣ, ದಾರಿ, ವಿದ್ಯುತ್ ತಂತಿಗಳ ಮೇಲೆ ಬೀಳುವಂತಿರುವುದನ್ನು ಕಡಿಸಲೇಬೇಕು. ಜನರ ಜೀವ ಮೊದಲು. ಉಳಿದ ಕಡೆ ಎಕರೆಗೆ ಒಂದೆರಡಾದರೂ ನಿಲ್ಲಲಿ. ಹಳ್ಳದ ದಂಡೆಯಲ್ಲಿ, ಸೊಪ್ಪಿನ ಬೆಟ್ಟದಲ್ಲಿ ಬಿದ್ದ ಹಳೆಯ ದಿಮ್ಮಿಗಳಲ್ಲಿ ಕೆಲವನ್ನು ಬಿದ್ದಲ್ಲೇ ಬಿಡುವುದು. ಸತ್ತ ಮರವನ್ನು ತಿನ್ನುವ ಗೆದ್ದಲಿಗೆ ಅಲ್ಲಿ ಕೆಲಸ ಇರಲಿ. ದೇವರಕಾಡಿಗೂ ತೋಟಕ್ಕೂ ನಡುವಿನ ಬೇಲಿಸಾಲಿನ ಮರಗಳನ್ನು ಉಳಿಸಿಕೊಂಡರೆ ಕಾಡಿನ ತುಂಡುಗಳಿಗೆ ಕೊಂಡಿ ಹಾಕಿದಂತಾಗುತ್ತದೆ. ಪ್ರತಿ ಮಳೆಗಾಲ ನಾಲ್ಕಾರು ಹಲಸು, ಅತ್ತಿ, ನಂದಿ, ನೇರಳೆಯ ಸಸಿಗಳನ್ನು ನೆಟ್ಟರೆ ಇನ್ನೊಂದು ನೂರು ವರ್ಷಕ್ಕೆ ಅವುಗಳಲ್ಲೂ ಪೊಟರೆ ಆದೀತು.

ಡ್ರೈಯಾಂಡ್ರದಲ್ಲಿ ಪ್ರವಾಸಿಗಳನ್ನು ರಾತ್ರಿ ಕೆಂಪು ದೀಪ ಹಿಡಿದು ಕರೆದೊಯ್ಯುವ ಬಾರ್ನ ಮಿಯಾ ಎಂಬ ಬೇಲಿ ಹಾಕಿದ ಆವರಣವೊಂದಿದೆ. ಒಂದು ಕಾಲದಲ್ಲಿ ಆ ಸೀಮೆಯ ಹೊಲದ ಬದುಗಳಲ್ಲೇ ಓಡಾಡಿಕೊಂಡಿದ್ದ ಬಿಲ್ಬಿ ಮುಂತಾದ ಪ್ರಾಣಿಗಳನ್ನು ಇಂದು ಅಲ್ಲಿನ ರೈತರ ಮಕ್ಕಳು ಟಿಕೆಟ್ಟು ಪಡೆದು ನೋಡಬೇಕಾಗಿದೆ. ಮಂಗಟ್ಟೆಯ ರೆಕ್ಕೆ ಸದ್ದು ನಮ್ಮ ಅಂಗಳಕ್ಕೆ ಇನ್ನೂ ಪುಕ್ಕಟೆಯಾಗಿ ಕೇಳಿಸುತ್ತಿದೆ. ಬರುವ ಮರಗಸಿಯಲ್ಲಿ ಟೊಳ್ಳು ಮರದ ಬುಡಕ್ಕೆ ಕೊಡಲಿ ಇಡಿಸುವ ಮೊದಲು ಒಮ್ಮೆ ತಲೆಯೆತ್ತಿ ಮೇಲೆ ನೋಡೋಣ.